ಸೋಲುವ ತಂಡದಲ್ಲಿ ಹನ್ನೊಂದು ನಿಮಿಷ

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಗೆ ಸಮೀಪದಲ್ಲಿರುವ ನಮ್ಮ ಬಂಧುಗಳ ಕಣದಲ್ಲಿ ಒಂದು ಬೇವಿನ ಮರವಿದೆ. ಹಳೆಯ ಡ್ರಮ್ಮೊಂದರ ಕಬ್ಬಿಣದ ಬಳೆಯನ್ನು ಅದರ ಕಾಂಡಕ್ಕೆ ಹತ್ತಡಿ ಎತ್ತರದಲ್ಲಿ ಬಿಗಿಯಲಾಗಿದೆ. ಶೇಂಗಾ ಒಣಹಾಕುವ ಆ ನೆಲದ ಮೇಲೆ ನಿಂತು ನನ್ನ ಸೋದರಳಿಯನ ಮಗಳು ರಜೆಗೆ ಬಂದಾಗಲೆಲ್ಲ ಬೆಳಗಿನ ಜಾವ ಬಳೆಗೆ ನೂರು ಬಾರಿ ಚೆಂಡೆಸೆಯುತ್ತಾಳೆ. ಊರಿನ ಶಾಲೆಯಲ್ಲಿ ಖೋಖೋ ಆಡುತ್ತಿದ್ದ ಈ ಹುಡುಗಿಯನ್ನು, ಎತ್ತರವಾಗಿದ್ದಾಳೆಂಬ ಕಾರಣಕ್ಕೆ, ತುಮಕೂರಿನ ಕಾಲೇಜೊಂದರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸೇರಿಸಿಕೊಂಡರು. ಈಗ ಅವಳು ಪದವಿಯ ಮೊದಲ ವರ್ಷದಲ್ಲಿದ್ದಾಳೆ.

ಕಳೆದ ದಸರಾ ರಜೆಯಲ್ಲಿ ಅವಳು ನನಗೊಂದು ಪುಟ್ಟ ನೋಟುಪುಸ್ತಕ ತೋರಿಸಿದಳು. ಐದು ಪಂದ್ಯಗಳ ವಿವರ ಅದರಲ್ಲಿತ್ತು. ಐದರಲ್ಲಿಯೂ ತಂಡ ಸೋತಿತ್ತು. ಪ್ರತಿ ಸೋಲಿನ ಮುಂದೆ ತಾನು ಅಂಗಳದಲ್ಲಿದ್ದ ನಿಮಿಷಗಳನ್ನು ಬರೆದಿದ್ದಳು: ಮೂರು, ಸೊನ್ನೆ, ಎರಡು, ನಾಲ್ಕು, ಎರಡು. ಒಟ್ಟು ಹನ್ನೊಂದು. ‘ಗೆಲ್ಲುವ ತಂಡದಲ್ಲಿ ನನಗೆ ಜಾಗವಿಲ್ಲದಿದ್ದರೆ ಅರ್ಥವಾಗುತ್ತದೆ, ತಾತ. ಸೋಲುವ ತಂಡದಲ್ಲೂ ಇಲ್ಲವೆಂದರೆ ಏನೆಂದುಕೊಳ್ಳಲಿ?’ ಎಂದು ಕೇಳಿದಳು. ಮೂರು ದಶಕಗಳಿಗೂ ಮಿಕ್ಕಿ ಸರ್ಕಾರಿ ಕಡತಗಳಿಗೆ ಷರಾ ಬರೆದವನಿಗೆ ಈ ಒಂದು ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನ ಅಭ್ಯಾಸಬಲದಿಂದ ನಾನು ಲೆಕ್ಕ ಹಾಕಿದೆ. ಬ್ಯಾಸ್ಕೆಟ್‌ಬಾಲ್ ಪಂದ್ಯವೆಂದರೆ ಹತ್ತು ನಿಮಿಷಗಳ ನಾಲ್ಕು ಅವಧಿಗಳು, ಒಟ್ಟು 40 ನಿಮಿಷ. ಒಂದು ತಂಡದಿಂದ ಒಮ್ಮೆಗೆ ಐವರು ಆಡುತ್ತಾರೆ. ಅಂದರೆ ತರಬೇತುದಾರನ ಕೈಯಲ್ಲಿ ಹಂಚಲು ಇರುವುದು 200 ನಿಮಿಷ. ಕೈಚಾಚಿ ಕುಳಿತವರು ಹನ್ನೆರಡು ಮಂದಿ. ಸಮನಾಗಿ ಹಂಚಿದರೆ ತಲಾ 16 ನಿಮಿಷ 40 ಸೆಕೆಂಡು. ಐದು ಪಂದ್ಯಗಳ ಸಾವಿರ ನಿಮಿಷಗಳಲ್ಲಿ ನಮ್ಮ ಹುಡುಗಿಗೆ ದಕ್ಕಿದ್ದು ಶೇಕಡಾ ಒಂದಕ್ಕಿಂತ ತುಸು ಹೆಚ್ಚು. ಅದೂ ಎಂಥ ನಿಮಿಷಗಳು? ಫಲಿತಾಂಶ ನಿರ್ಧಾರವಾಗಿ, ಪ್ರೇಕ್ಷಕರು ಎದ್ದು ಹೊರಟ ಮೇಲಿನ ಕಟ್ಟಕಡೆಯ ನಿಮಿಷಗಳು.

ಎಲ್ಲರಿಗೂ ಸಮಪಾಲು ಸಿಗಬೇಕೆಂದು ನಾನು ವಾದಿಸುತ್ತಿಲ್ಲ. ಆಟದ ಅಂಗಳ ನ್ಯಾಯಬೆಲೆ ಅಂಗಡಿಯಲ್ಲ. ಅರ್ಹತೆಗೆ ಮನ್ನಣೆಯಿಲ್ಲದ ಕಡೆ ಆಟವೂ ಉಳಿಯುವುದಿಲ್ಲ. ಗೆಲ್ಲುವ ತಂಡದ ತರಬೇತುದಾರ ತನ್ನ ಅತ್ಯುತ್ತಮ ಐವರನ್ನೇ ಹೆಚ್ಚು ಹೊತ್ತು ಆಡಿಸಿದರೆ ಅದನ್ನು ಆಕ್ಷೇಪಿಸಲಾಗದು. ಆ ನಿಮಿಷಗಳಿಗೆ ಪ್ರತಿಫಲವಾಗಿ ಗೆಲುವು ಬರುತ್ತಿದೆ. ಆದರೆ ಸೋಲುವ ತಂಡದಲ್ಲಿ ಅದೇ ನಿಮಿಷಗಳ ಬೆಲೆ ಬೇರೆ. ಗೆಲುವು ಹೇಗೂ ಬರುತ್ತಿಲ್ಲ. ಅನುಭವಿಗಳೇ ಪೂರ್ತಿ ಆಡಿದರೆ ಮೂವತ್ತು ಅಂಕಗಳ ಸೋಲು ಇಪ್ಪತ್ತೈದಕ್ಕೆ ಇಳಿಯಬಹುದು. ಆ ಐದು ಅಂಕಗಳಿಗಾಗಿ ನಾವು ತೆರುವ ಬೆಲೆ ಮುಂದಿನ ವರ್ಷದ ತಂಡ. ಅಂತಿಮ ವರ್ಷದವರು ಪದವಿ ಪಡೆದು ಹೊರಟುಹೋಗುತ್ತಾರೆ. ಅವರೊಂದಿಗೆ ಆ ನಿಮಿಷಗಳ ಅನುಭವವೂ ಹೋಗುತ್ತದೆ. ಉಳಿಯುವುದು ಬೆಂಚಿನ ಮೇಲೆ ಕುಳಿತಿದ್ದವರು. ಅವರು ಮರುವರ್ಷ ಹೊಸಬರಂತೆಯೇ ಅಂಗಳಕ್ಕಿಳಿದು, ಹೊಸಬರಂತೆಯೇ ಸೋಲುತ್ತಾರೆ.

ಕೆನೆತ್ ಆರೋ ಎಂಬ ಅರ್ಥಶಾಸ್ತ್ರಜ್ಞ 1962ರಲ್ಲಿ ಮಾಡುತ್ತ ಮಾಡುತ್ತ ಕಲಿಯುವ ಬಗೆಗೆ ಒಂದು ಪ್ರಸಿದ್ಧ ಲೇಖನ ಬರೆದರು. ವಿಮಾನ ಕಟ್ಟುವ ಕಾರ್ಖಾನೆಯಲ್ಲಿ ಕಟ್ಟಿದ ವಿಮಾನಗಳ ಸಂಖ್ಯೆ ಏರಿದಂತೆ ಪ್ರತಿಯೊಂದಕ್ಕೂ ತಗಲುವ ಶ್ರಮ ಇಳಿಯುತ್ತ ಹೋಗುವುದನ್ನು ಅವರು ಉದಾಹರಿಸಿದ್ದರು. ಕೌಶಲವು ಕೆಲಸದ ಉಪೋತ್ಪನ್ನ. ಕೆಲಸವನ್ನೇ ಕೊಡದೆ ಕೌಶಲ ಕೇಳುವಂತಿಲ್ಲ. ನಮ್ಮೂರ ಬೇವಿನ ಮರ ಎದುರಾಳಿಯಲ್ಲ. ಅದು ಕೈ ಅಡ್ಡ ಹಿಡಿಯುವುದಿಲ್ಲ, ತಳ್ಳುವುದಿಲ್ಲ. ನೂರು ಎಸೆತಗಳಲ್ಲಿ ಎಪ್ಪತ್ತು ಬಳೆಯೊಳಗೆ ಬಿದ್ದರೂ ಪಂದ್ಯದ ಗದ್ದಲದಲ್ಲಿ ಯಾರಿಗೆ ಚೆಂಡು ಕೊಡಬೇಕೆಂಬ ವಿವೇಕವನ್ನು ಆ ಮರ ಕಲಿಸಲಾರದು.

ತರಬೇತುದಾರರನ್ನು ನಾನು ಭೇಟಿಯಾದೆ. ಸಜ್ಜನರು, ಹುಡುಗಿಯ ಶ್ರಮವನ್ನು ಮೆಚ್ಚಿಯೇ ಮಾತನಾಡಿದರು. ‘ಅನುಭವ ಸಾಲದು ಸಾರ್. ದೊಡ್ಡ ಅಂತರದಲ್ಲಿ ಸೋತರೆ ಮೇಲಿನವರು ನನ್ನನ್ನೇ ಕೇಳುತ್ತಾರೆ’ ಎಂದರು. ಅನುಭವವಿಲ್ಲದ್ದರಿಂದ ಅವಕಾಶವಿಲ್ಲ, ಅವಕಾಶವಿಲ್ಲದ್ದರಿಂದ ಅನುಭವವಿಲ್ಲ. ಪದವಿ ಹಿಡಿದು ಅಲೆಯುವ ನಮ್ಮ ಯುವಕರೆಲ್ಲ ಬಲ್ಲ ವಿಷವೃತ್ತವಿದು. ತಪ್ಪು ಆ ವ್ಯಕ್ತಿಯದಲ್ಲ. ಎಷ್ಟು ಅಂಕಗಳಿಂದ ಸೋತಿರಿ ಎಂದು ಕೇಳುವವರಿದ್ದಾರೆ. ಈ ವರ್ಷ ಎಷ್ಟು ಮಂದಿಯನ್ನು ಆಟಗಾರರನ್ನಾಗಿ ಮಾಡಿದಿರಿ ಎಂದು ಕೇಳುವವರಿಲ್ಲ. ಅಳೆಯುವುದು ಯಾವುದನ್ನೋ ವ್ಯವಸ್ಥೆ ಅದರತ್ತಲೇ ವಾಲುತ್ತದೆ ಎಂಬುದು ಸರ್ಕಾರಿ ಸೇವೆಯಲ್ಲಿದ್ದವರಿಗೆ ಹೊಸ ಮಾತಲ್ಲ.

ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿಯೂ ಇದೇ ದೋಷವಿದೆ. ಹೋಬಳಿ, ತಾಲ್ಲೂಕು, ಜಿಲ್ಲೆ, ರಾಜ್ಯ ಎಂಬ ಏಣಿಯಲ್ಲಿ ಸಾಮಾನ್ಯವಾಗಿ ಸೋತವರು ಅಲ್ಲಿಯೇ ಇಳಿಯಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಒಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆ ಬರಕ್ಕೆ ಹೆಸರಾದ ಸೀಮೆ. ಇಲ್ಲಿನ ಹಳ್ಳಿಯ ಶಾಲಾ ತಂಡವೊಂದು ವರ್ಷವೆಲ್ಲ ಅಭ್ಯಾಸ ಮಾಡಿ, ಹೋಬಳಿ ಮಟ್ಟದ ಮೊದಲ ಪಂದ್ಯದಲ್ಲಿ ಸೋತರೆ ಆ ವರ್ಷದ ಕ್ರೀಡೆ ಅಂದಿಗೆ ಮುಗಿಯಿತು. ಬೆಂಚಿನಲ್ಲಿ ಕುಳಿತ ಮಗುವಿಗೆ ಒಂದು ನಿಮಿಷವೂ ಇಲ್ಲ. ಆಟ ಹೆಚ್ಚು ಬೇಕಾದ ತಂಡಕ್ಕೆ ಕಡಿಮೆ ಆಟ, ಈಗಾಗಲೇ ಬಲ್ಲವರಿಗೆ ಹೆಚ್ಚು ಆಟ: ಇದು ಮಳೆ ಬೀಳುವ ಕಡೆಗೇ ನಾಲೆ ತೋಡಿದಂತೆ.

ಸೋಲುವ ತಂಡವೆಂದರೆ ಕೀಳರಿಮೆ ಬೇಡ. ಭಾರತದ ಬ್ಯಾಸ್ಕೆಟ್‌ಬಾಲ್ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಒಮ್ಮೆ ಮಾತ್ರ, 1980ರ ಮಾಸ್ಕೋದಲ್ಲಿ. ಹಲವು ದೇಶಗಳು ಬಹಿಷ್ಕರಿಸಿದ್ದ ಆ ಕೂಟದಲ್ಲಿ ಪಂದ್ಯಗಳೆಲ್ಲವನ್ನೂ ಸೋತು ಹನ್ನೆರಡು ತಂಡಗಳಲ್ಲಿ ಕೊನೆಯದಾಯಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2017ರ ಏಷ್ಯಾ ಕಪ್ ‘ಬಿ’ ವಿಭಾಗದ ಫೈನಲ್‌ನಲ್ಲಿ ನಮ್ಮ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಮಣಿಸಿ ‘ಎ’ ವಿಭಾಗಕ್ಕೇರಿದರು. ಎರಡು ವರ್ಷಗಳ ನಂತರ, 2019ರಲ್ಲಿ, ಅದೇ ನಗರದಲ್ಲಿ ಜಪಾನ್, ಕೊರಿಯಾಗಳಂಥ ಬಲಾಢ್ಯರೆದುರು ಆಡಿ ಎಂಟನೆಯ, ಅಂದರೆ ಕೊನೆಯ ಸ್ಥಾನ ಪಡೆದರು. ಮೇಲೇರಿದವರು ಮೊದಲು ಸೋಲಲೇಬೇಕು. ಆ ಸೋಲಿನಿಂದ ಯಾರು ಕಲಿತರು ಎಂಬುದೇ ಕೇಳಬೇಕಾದ ಪ್ರಶ್ನೆ.

ಹಾಗೆಂದು ತೋರಿಕೆಯ ನಿಮಿಷಗಳೂ ಪರಿಹಾರವಲ್ಲ. ಪಂಜಾಬಿ ದಂಪತಿಯ ಮಗನಾಗಿ ಕೆನಡಾದಲ್ಲಿ ಹುಟ್ಟಿದ, ಏಳಡಿ ಐದಂಗುಲ ಎತ್ತರದ ಸಿಮ್ ಭುಲ್ಲರ್ 2015ರ ಏಪ್ರಿಲ್ 7ರಂದು ಅಮೆರಿಕದ ಎನ್‌ಬಿಎ ಪಂದ್ಯದಲ್ಲಿ ಆಡಿದ ಭಾರತೀಯ ಮೂಲದ ಮೊದಲಿಗರೆನಿಸಿದರು. ಅವರ ತಂಡ ಸ್ಯಾಕ್ರಮೆಂಟೊ ಕಿಂಗ್ಸ್ ಆ ಋತುವಿನ 82 ಪಂದ್ಯಗಳಲ್ಲಿ 53ನ್ನು ಸೋತಿತು. ಅಂದು ಅವರಿಗೆ ದೊರೆತದ್ದು ಪಂದ್ಯದ ಕೊನೆಯ ಹದಿನಾರು ಸೆಕೆಂಡುಗಳು. ಆ ಲೀಗಿನಲ್ಲಿ ಅವರು ಆಡಿದ್ದು ಒಟ್ಟು ಮೂರು ಪಂದ್ಯ. ಚರಿತ್ರೆಗೆ ಹದಿನಾರು ಸೆಕೆಂಡು ಸಾಕಾಗಬಹುದು, ಕಲಿಕೆಗೆ ಸಾಲದು.

ನಾನು ಸೇವೆಗೆ ಸೇರಿದ ಹೊಸತರಲ್ಲಿ, ಬರಗಾಲದ ಒಂದು ವರ್ಷ, ದೂರುಗಳಿಂದ ತುಂಬಿದ್ದ ಕಚೇರಿಯೊಂದರಲ್ಲಿದ್ದೆ. ಅದೂ ಸೋಲುವ ತಂಡವೇ. ನನ್ನ ಮೇಲಧಿಕಾರಿ ಮೇವು ಹಂಚಿಕೆಯ ಕಡತವನ್ನು ನನ್ನೆದುರಿಗಿಟ್ಟು, ‘ತಪ್ಪಾದರೆ ನಾನಿದ್ದೇನೆ’ ಎಂದಷ್ಟೇ ಹೇಳಿದರು. ತಪ್ಪುಗಳಾದವು. ಒಂದು ಹಳ್ಳಿಗೆ ಎರಡು ಬಾರಿ ಲಾರಿ ಹೋಯಿತು, ಪಕ್ಕದ ಹಳ್ಳಿಗೆ ಹೋಗಲೇ ಇಲ್ಲ. ಅವನ್ನು ತಿದ್ದುತ್ತ ಕಲಿತದ್ದೇ ಮುಂದಿನ ಬರಗಳಲ್ಲಿ ನನ್ನನ್ನು ಕಾಪಾಡಿತು. ಪರಿಸ್ಥಿತಿ ಕೆಟ್ಟಿದೆಯೆಂದು ಅವರು ಆ ಕಡತವನ್ನು ತಾವೇ ಇಟ್ಟುಕೊಂಡಿದ್ದರೆ ನಾನು ಇನ್ನೂ ಕೆಲಕಾಲ ಷರಾ ಬರೆಯುವ ಗುಮಾಸ್ತನಾಗಿಯೇ ಇರುತ್ತಿದ್ದೆ.

ಆಗಬೇಕಾದದ್ದು ದೊಡ್ಡ ವೆಚ್ಚದ ಕೆಲಸವಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೊರಗೆ ಕರೆಸಿಕೊಂಡ ಆಟಗಾರ್ತಿಯನ್ನು ಮತ್ತೆ ಒಳಗೆ ಕಳಿಸಬಹುದು. ಎಷ್ಟು ಸಲ ಬದಲಾಯಿಸಿದರೂ ಅಡ್ಡಿಯಿಲ್ಲ. ಎರಡನೆಯ ಅವಧಿಯಲ್ಲಿ ನಾಲ್ಕು ನಿಮಿಷ ಕಿರಿಯರನ್ನು ಆಡಿಸಿ ನೋಡಿ, ಸರಿಹೋಗದಿದ್ದರೆ ಹಿಂದಕ್ಕೆ ಕರೆದರೆ ಆಗುವ ನಷ್ಟ ಅತ್ಯಲ್ಪ. ಹೋಬಳಿ ಮಟ್ಟದಲ್ಲಾದರೂ ಒಂದು ಸೋಲಿಗೆ ಮನೆಗೆ ಕಳಿಸುವ ಪದ್ಧತಿ ಬಿಟ್ಟು, ಎಲ್ಲ ತಂಡಗಳೂ ಪರಸ್ಪರ ಆಡುವ ಲೀಗ್ ಪದ್ಧತಿ ತರಬಹುದು. ಶಾಲಾ ಪಂದ್ಯಗಳಲ್ಲಿ ಪ್ರತಿ ಮಗುವೂ ಕನಿಷ್ಠ ಒಂದು ಅವಧಿ ಆಡಲೇಬೇಕೆಂದು ನಿಯಮ ಮಾಡಬಹುದು. ದೈಹಿಕ ಶಿಕ್ಷಕರ ವಾರ್ಷಿಕ ವರದಿಯಲ್ಲಿ ಗೆದ್ದ ಪಂದ್ಯಗಳ ಜತೆಗೆ ಆಡಿದ ಮಕ್ಕಳ ಸಂಖ್ಯೆಗೂ ಒಂದು ಅಂಕಣವಿರಲಿ.

ನಮ್ಮ ಹುಡುಗಿಗೆ ಕಾಲಾವಕಾಶ ಹೆಚ್ಚಿಲ್ಲ. ‘ಆಡಿಸದಿದ್ದ ಮೇಲೆ ಸಂಜೆಯೆಲ್ಲ ಅಲ್ಲೇಕೆ? ಈ ಒಂದು ವರ್ಷ ನೋಡುತ್ತೇನೆ’ ಎಂದು ಅವಳ ತಂದೆ ಹೇಳಿಬಿಟ್ಟಿದ್ದಾನೆ. ಮಳೆ ನೋಡಿ ಬಿತ್ತುವ ರೈತ. ಹಾಸ್ಟೆಲಿನ ಖರ್ಚು ಹೊರುವವನ ಮಾತಿನಲ್ಲಿ ಕ್ರೌರ್ಯವಿಲ್ಲ, ಲೆಕ್ಕವಿದೆ. ರಜೆ ಮುಗಿಸಿ ಬಸ್ಸು ಹತ್ತುವಾಗ ಅವಳು ನನ್ನ ಸಲಹೆ ಕೇಳಿದಳು. ಕೊನೆಯ ನಿಮಿಷಗಳನ್ನು ಬೇಡಬೇಡ, ಎರಡನೆಯ ಅವಧಿಯಲ್ಲಿ ನಾಲ್ಕು ನಿಮಿಷ ಕೊಡಿ ಎಂದು ಬಾಯಿಬಿಟ್ಟು ಕೇಳು ಎಂದೆ. ಕೇಳಿದಳಂತೆ. ಮುಂದಿನ ಪಂದ್ಯದಲ್ಲಿ ತಂಡ ಹದಿನೆಂಟು ಅಂಕಗಳಿಂದ ಸೋತಿತು. ಅವಳು ಆರು ನಿಮಿಷ ಆಡಿದಳು. ಎರಡು ಬಾರಿ ಚೆಂಡು ಕಳೆದುಕೊಂಡಳು, ಒಂದು ಬುಟ್ಟಿ ಹಾಕಿದಳು. ಮೂರನ್ನೂ ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ.