ಮಗು ಮರೆತರೂ ಅದರ ಮೈ ಮರೆಯುವುದಿಲ್ಲ

ಮನೆಯಲ್ಲಿ ದೊಡ್ಡ ಜಗಳವಾದಾಗ, ಸಾವು-ನೋವು ಎದುರಾದಾಗ, ಊರು ಬಿಟ್ಟು ಗುಳೆ ಹೋಗಬೇಕಾದಾಗ ದೊಡ್ಡವರು ಹೇಳೋ ಮಾತೊಂದಿದೆ: ‘ಚಿಕ್ಕ ಮಗು, ಅದಕ್ಕೇನು ಗೊತ್ತಾಗುತ್ತೆ?’ ಇದು ಅರ್ಧ ನಿಜ. ಮೊದಲ ಎರಡು ವರ್ಷದ ಘಟನೆಗಳು ನಮ್ಮ ನೆನಪಲ್ಲಿ ಉಳಿಯೋದಿಲ್ಲ. ಆದರೆ ಮೈಗೆ ಗೊತ್ತಾಗುತ್ತೆ. ಅದು ಹೇಗೆ ಅಂತ ವಿಜ್ಞಾನ ಸಾಕಷ್ಟು ವಿವರಿಸಿದೆ. ಗೊತ್ತಿದ್ದೂ ನಮ್ಮ ಸರ್ಕಾರಗಳು ಏನು ಮಾಡ್ತಿವೆ ಅನ್ನೋದನ್ನ ನಾವು ಕೇಳಬೇಕಿದೆ.

ನಾನು ಎಂಜಿನಿಯರಿಂಗ್ ಓದುವಾಗ ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಪೇಪರ್ ಇತ್ತು. ಗೀಸರ್ ಅದರ ಸರಳ ಉದಾಹರಣೆ. ನೀರು ಸಾಕಷ್ಟು ಕಾದ ಕೂಡಲೇ ಕರೆಂಟ್ ತಾನಾಗೇ ಆಫ್ ಆಗುತ್ತೆ. ದೇಹದಲ್ಲೂ ಇಂಥದ್ದೊಂದು ವ್ಯವಸ್ಥೆ ಇದೆ. ಹೆದರಿಕೆಯಾದಾಗ ಮೆದುಳಿನ ಹೈಪೊಥಾಲಮಸ್ ಪಿಟ್ಯುಟರಿ ಗ್ರಂಥಿಗೆ, ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತೆ. ಕಾರ್ಟಿಸಾಲ್ ಹಾರ್ಮೋನ್ ರಕ್ತ ಸೇರಿ ಮೈಯನ್ನು ಎಚ್ಚರವಾಗಿಡುತ್ತೆ. ಅದರ ಪ್ರಮಾಣ ಏರಿದಾಗ ಮೆದುಳು ಅದನ್ನು ಗುರುತಿಸಿ, ‘ಇನ್ನು ಸಾಕು’ ಅಂತ ನಿಲ್ಲಿಸುತ್ತೆ.

ಹಸುಗೂಸಿಗೆ ಈ ಸ್ವಿಚ್ಚನ್ನು ಒಬ್ಬಂಟಿಯಾಗಿ ಆಫ್ ಮಾಡಿಕೊಳ್ಳೋ ಶಕ್ತಿ ಇನ್ನೂ ಬಂದಿರೋದಿಲ್ಲ. ಎತ್ತಿಕೊಳ್ಳೋ ಕೈ, ಪರಿಚಿತ ದನಿ ಅದಕ್ಕೆ ಬೇಕು. ಲಸಿಕೆ ಚುಚ್ಚಿದಾಗ ಕಿರುಚಿದ ಮಗು ಅಮ್ಮನ ಹೆಗಲ ಮೇಲೆ ಸುಮ್ಮನಾಗುತ್ತಲ್ಲ, ಆ ಒತ್ತಡದಿಂದ ತೊಂದರೆ ಇಲ್ಲ. ಹೊಡೆತ, ನಿರ್ಲಕ್ಷ್ಯ, ಹಸಿವು ದಿನವೂ ಇದ್ದು, ಸಮಾಧಾನ ಮಾಡೋರು ಯಾರೂ ಇಲ್ಲದಿದ್ದಾಗ ಹುಟ್ಟೋದನ್ನ ತಜ್ಞರು ‘ವಿಷಕಾರಿ ಒತ್ತಡ’ ಅಂತಾರೆ. ಕಲಿಕೆ, ನೆನಪು, ಭಯ, ಸಂಯಮಗಳನ್ನು ನೋಡಿಕೊಳ್ಳುವ ಮೆದುಳಿನ ಭಾಗಗಳ ಬೆಳವಣಿಗೆ ಇದರಿಂದ ಏರುಪೇರಾಗಬಹುದು.

ಇದಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ರೊಮೇನಿಯಾದಲ್ಲಿ. ಜನಸಂಖ್ಯೆ ಹೆಚ್ಚಿಸಬೇಕೆಂದು ಚೌಶೆಸ್ಕು ಸರ್ಕಾರ 1966ರಲ್ಲಿ ಗರ್ಭಪಾತ ನಿಷೇಧಿಸಿತು. ಸಾಕಲಾಗದ ಮಕ್ಕಳು ಸರ್ಕಾರಿ ಅನಾಥಾಲಯ ಸೇರಿದರು. 1989ರಲ್ಲಿ ಸರ್ಕಾರ ಉರುಳಿದಾಗ ಅಲ್ಲಿದ್ದ ಮಕ್ಕಳ ಸಂಖ್ಯೆ ಲಕ್ಷ ದಾಟಿತ್ತು. ಮುಂದೆ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ ರಾಜಧಾನಿ ಬುಕಾರೆಸ್ಟ್‌ನ ಅನಾಥಾಲಯಗಳ 136 ಪುಟ್ಟ ಮಕ್ಕಳ ಅಧ್ಯಯನ ಶುರು ಮಾಡಿದರು. ಆಗ ಅಲ್ಲಿ ಸಾಕು ಕುಟುಂಬಗಳ ವ್ಯವಸ್ಥೆಯೇ ಇರಲಿಲ್ಲ ಅನ್ನಬಹುದು. ಸಂಶೋಧಕರೇ ಅದನ್ನು ಕಟ್ಟಿ, ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಮಕ್ಕಳನ್ನು ಅಲ್ಲಿಗೆ ಕಳಿಸಿದರು.

ನಾಲ್ಕೂವರೆ ವರ್ಷದ ಹೊತ್ತಿಗೆ ಅನಾಥಾಲಯದ ಗುಂಪಿನ ಸರಾಸರಿ ಐಕ್ಯೂ 73, ಸಾಕು ಕುಟುಂಬ ಸೇರಿದವರದ್ದು 81, ಸ್ವಂತ ಮನೆಯಲ್ಲೇ ಬೆಳೆದವರದ್ದು 109. ಎರಡು ವರ್ಷದೊಳಗೆ ಕುಟುಂಬ ಸೇರಿದವರು ಹೆಚ್ಚು ಚೇತರಿಸಿಕೊಂಡರು. ಹದಿಹರೆಯದ ಹೊಸ್ತಿಲಲ್ಲಿ ಮತ್ತೆ ಪರೀಕ್ಷಿಸಿದಾಗ, ಅನಾಥಾಲಯದಲ್ಲೇ ಉಳಿದ ಗುಂಪಿನ ಮಕ್ಕಳಲ್ಲಿ ಒತ್ತಡ ಎದುರಾದರೂ ಕಾರ್ಟಿಸಾಲ್ ಸರಿಯಾಗಿ ಏರುತ್ತಿರಲಿಲ್ಲ. ಸೆನ್ಸರೇ ಮಂಕಾದಂತೆ. ಈ ಮಕ್ಕಳಿಗೆ ಮಂಚ ಇತ್ತು, ಊಟ ಇತ್ತು, ಸೂರಿತ್ತು. ನನ್ನವರು ಅಂತ ಒಬ್ಬರು ಇರಲಿಲ್ಲ.

ಇದನ್ನು ಓದಿ ‘ಬಡವರ ಮಕ್ಕಳ ಕಥೆ ಇಷ್ಟೇ’ ಅನ್ನೋರಿದ್ದಾರೆ. ಅಧ್ಯಯನ ಹೇಳೋದು ಅದನ್ನಲ್ಲ. ಗುಡಿಸಲಲ್ಲಿ ಅಜ್ಜಿಯ ಮಡಿಲಲ್ಲಿ ಬೆಳೆಯೋ ಮಗುವಿಗೆ ಬುಕಾರೆಸ್ಟ್‌ನ ಆ ಮಕ್ಕಳಿಗಿಲ್ಲದ ದೊಡ್ಡ ಆಸ್ತಿ ಇದೆ. ಬಡತನ ಕಿತ್ತುಕೊಳ್ಳೋದು ತಾಯಿಯ ಪ್ರೀತಿಯನ್ನಲ್ಲ, ಆಕೆಯ ಸಮಯವನ್ನ. ಹೆರಿಗೆಯಾದ ಕೆಲವೇ ವಾರಕ್ಕೆ ಕೂಲಿಗೆ ಓಡಬೇಕಾದವಳಿಗೆ ‘ಮಗು ಜೊತೆ ಮಾತಾಡಿ, ಆಟ ಆಡಿ’ ಅಂತ ಪೋಸ್ಟರ್ ತೋರಿಸಿದರೆ ಏನು ಬಂತು?

ಪೋಸ್ಟರ್ ಬದಲು ಜನರನ್ನು ಕಳಿಸಿದ್ದು ಜಮೈಕಾ. 1980ರ ದಶಕದಲ್ಲಿ ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ನೇತೃತ್ವದಲ್ಲಿ ಕಿಂಗ್‌ಸ್ಟನ್‌ನ ಬಡ ಬಡಾವಣೆಗಳಲ್ಲಿ, ಕುಂಠಿತ ಬೆಳವಣಿಗೆಯ 129 ಮಕ್ಕಳ ಮೇಲೆ ಅಧ್ಯಯನ ನಡೆಯಿತು. ಒಂದು ಗುಂಪಿನ ಮಕ್ಕಳ ಮನೆಗೆ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೆ ಒಂದು ಗಂಟೆಯಂತೆ ಎರಡು ವರ್ಷ ಹೋದರು. ಮನೆಯಲ್ಲೇ ಮಾಡಿದ ಆಟಿಕೆ ಇಟ್ಟುಕೊಂಡು ತಾಯಿ-ಮಗುವಿನ ಜೊತೆ ಆಡಿದರು. ಇಪ್ಪತ್ತು ವರ್ಷದ ನಂತರ ನೋಡಿದರೆ ಆ ಗುಂಪಿನವರ ಗಳಿಕೆ, ಭೇಟಿ ಸಿಗದವರಿಗಿಂತ ಶೇ 25ರಷ್ಟು ಹೆಚ್ಚಿತ್ತು.

ನಮ್ಮಲ್ಲಿ ಇಂಥ ಕೆಲಸಕ್ಕೆ ಜನ ಇಲ್ಲವೇ? 1975ರಲ್ಲಿ ತಿ. ನರಸೀಪುರದಿಂದ ಶುರುವಾದ ಅಂಗನವಾಡಿ ಇವತ್ತು ಕರ್ನಾಟಕದ ಊರೂರಲ್ಲಿದೆ. ಆದರೆ ಕೇಂದ್ರಕ್ಕೆ ಬರೋದು ಮುಖ್ಯವಾಗಿ 3ರಿಂದ 6 ವರ್ಷದ ಮಕ್ಕಳು. 3 ವರ್ಷದೊಳಗಿನವರಿಗೆ ಸಿಗೋದು ಬಹುತೇಕ ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಮನೆ ಭೇಟಿ ಮಾಡಬೇಕಾದ ಕಾರ್ಯಕರ್ತೆ ಪೋಷಣ್ ಟ್ರ್ಯಾಕರ್ ಆ್ಯಪ್ ತುಂಬಬೇಕು, ಸಮೀಕ್ಷೆಗೆ ಹೋಗಬೇಕು. ಇಷ್ಟಕ್ಕೂ ಆಕೆಗೆ ಸಿಗೋದು ಸಂಬಳವಲ್ಲ, ಗೌರವಧನ.

ಕಾನೂನೂ ಹೀಗೇ ಇದೆ. ಸಂಘಟಿತ ವಲಯದ ಉದ್ಯೋಗಿಗೆ 26 ವಾರ ವೇತನಸಹಿತ ಹೆರಿಗೆ ರಜೆ. ಕೂಲಿ ಮಾಡುವವಳಿಗೆ ಮಾತೃವಂದನಾ ಯೋಜನೆಯಲ್ಲಿ ಮೊದಲ ಹೆರಿಗೆಗೆ 5,000 ರೂಪಾಯಿ, ಅದೂ ಕಂತಿನಲ್ಲಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಜಾರಿಯಲ್ಲಿದ್ದಾಗ ಶಿಶುಪಾಲನಾ ಕೊಠಡಿ ಕಡ್ಡಾಯ ಮಾಡಿದ್ದುದು 50ಕ್ಕಿಂತ ಹೆಚ್ಚು ಮಹಿಳೆಯರಿದ್ದ ಕಡೆ ಮಾತ್ರ. ರಾಯಚೂರು, ಯಾದಗಿರಿಯಿಂದ ಬೆಂಗಳೂರಿಗೆ ಬಂದು ಹತ್ತು ಜನರ ಸೈಟಿನಲ್ಲಿ ಕಲ್ಲು ಹೊರುವವಳ ಮಗು ಮರಳಿನ ರಾಶಿ ಪಕ್ಕದಲ್ಲೇ ಇರಬೇಕು. 2023ರಲ್ಲಿ ಘೋಷಿಸಿದ ‘ಕೂಸಿನ ಮನೆ’ ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಅದು ಹುಟ್ಟಿದ್ದು ಹಳ್ಳಿಯ ನರೇಗಾ ಕೂಲಿಕಾರ ತಾಯಂದಿರಿಗಾಗಿ, ನಗರದ ಈ ತಾಯಿಗಾಗಿ ಅಲ್ಲ.

ಮೂರು ವರ್ಷದ ಮಕ್ಕಳಿಗೆ ಓಟಿಲ್ಲ, ಧರಣಿ ಕೂರೋಕೂ ಬರೋಲ್ಲ. ನಮಗೆ ಎರಡೂ ಸಾಧ್ಯ. ಮುಂದಿನ ಬಜೆಟ್ ಬಂದಾಗ ಮೂರು ವರ್ಷದೊಳಗಿನ ಮಕ್ಕಳಿಗೆ ಆಹಾರದ ಪೊಟ್ಟಣ ಬಿಟ್ಟು ಬೇರೇನಿದೆ, ಅವರನ್ನು ಎತ್ತಿಕೊಳ್ಳೋರಿಗೆ ಎಷ್ಟು ಕೊಟ್ಟಿದ್ದಾರೆ ಅಂತ ಹುಡುಕಿ ನೋಡಿ. ಸಿಗದಿದ್ದರೆ ನಿಮ್ಮ ಶಾಸಕರನ್ನು ಕೇಳಿ.