ಡಿಸ್ಕಿನ ದಾರಿಯಲ್ಲಿ ಕಳೆದುಹೋದ ಪುಟಗಳು

2018ರ ನವೆಂಬರಿನಲ್ಲಿ ಬೇರೆ ಬೇರೆ ದೇಶಗಳ ಲಿನಕ್ಸ್ ಬಳಕೆದಾರರು ಒಂದೇ ಬಗೆಯ ದೂರು ಹೇಳತೊಡಗಿದರು. ಚೆನ್ನಾಗಿಯೇ ಓಡುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ಡಿಸ್ಕಿಗೆ ಏನನ್ನೂ ಬರೆಯಲು ಒಪ್ಪುವುದಿಲ್ಲ, ಓದಲು ಮಾತ್ರ ಬಿಡುತ್ತದೆ. ಕೆಲವು ಫೈಲುಗಳನ್ನು ತೆರೆದರೆ ಕಸ. ಅವರೆಲ್ಲರ ಯಂತ್ರಗಳಲ್ಲೂ ಇದ್ದದ್ದು ಅಕ್ಟೋಬರ್ 22ರಂದು ಬಿಡುಗಡೆಯಾಗಿದ್ದ 4.19 ಆವೃತ್ತಿಯ ಕರ್ನಲ್.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳು. ಅದರಲ್ಲಿ ಡಿಸ್ಕಿಗೆ ಸಂಬಂಧಿಸಿದ ಭಾಗದಲ್ಲೇ, ಬೆಂಗಳೂರಿನಲ್ಲಿ ಕೂತು, ನಾನು ಕೆಲಸ ಮಾಡುವವಳು. ನಮ್ಮ ತಂಡಕ್ಕೆ ಹೊಸದಾಗಿ ಬಂದವರಿಗೆ ಮೊದಲು ಈ ಪ್ರಕರಣವನ್ನೇ ಹೇಳುತ್ತೇನೆ. ದೋಷ ಬಯಲಾಗುವ ಜಾಗ ಒಂದು, ದೋಷ ಹುಟ್ಟಿದ ಜಾಗ ಇನ್ನೊಂದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಕರಣ ನನಗೆ ಗೊತ್ತಿಲ್ಲ.

ನೀವು ಒಂದು ಫೋಟೋ ತೆರೆದಾಗ ಆ ಕೋರಿಕೆ ಮೂರು ಕೈ ದಾಟುತ್ತದೆ. ಮೇಲಿರುವುದು ಫೈಲ್ ಸಿಸ್ಟಮ್. ಯಾವ ಫೈಲು ಡಿಸ್ಕಿನ ಎಲ್ಲೆಲ್ಲಿದೆ ಎಂಬ ಲೆಕ್ಕ ಅದರದ್ದು. ನಡುವೆ ಬ್ಲಾಕ್ ಲೇಯರ್. ಬಂದ ಕೋರಿಕೆಗಳನ್ನು ಸರದಿಯಲ್ಲಿಟ್ಟು, ಅಕ್ಕಪಕ್ಕದ ಜಾಗಗಳನ್ನು ಕೇಳುವ ಸಣ್ಣ ಕೋರಿಕೆಗಳನ್ನು ಕೂಡಿಸಿ ಒಂದು ದೊಡ್ಡ ಕೋರಿಕೆ ಮಾಡುವುದು ಅದರ ಕೆಲಸ. ಕೊನೆಗೆ ಡಿಸ್ಕಿನೊಡನೆ ನೇರವಾಗಿ ಮಾತಾಡುವ ಸ್ಕಸಿ ಪದರ ಮತ್ತು ಡ್ರೈವರ್. 4.19ರಲ್ಲಿ ಗೋಳಾಡಿದ್ದು ಮೇಲಿನ ಪದರ, ಅಂದರೆ ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್. ಸಹಜವಾಗಿಯೇ ಅನುಮಾನ ಅದರ ಮೇಲೆ ಬಿತ್ತು. ಅದನ್ನು ನೋಡಿಕೊಳ್ಳುವ ಥಿಯೊಡೋರ್ ತ್ಸೊ ತಮ್ಮ ಪರೀಕ್ಷೆಗಳನ್ನೆಲ್ಲ ಓಡಿಸಿದರು. ತೊಂದರೆ ಅವರ ಯಂತ್ರಗಳಲ್ಲಿ ಕಾಣಿಸಿಕೊಳ್ಳಲೇ ಇಲ್ಲ.

ಇಎಕ್ಸ್‌ಟಿ4ರ ದೂರಿನ ಒಂದು ಸಾಲು ನನಗೆ ಬಾಯಿಪಾಠವಾಗಿದೆ. ಇನೋಡ್‌ನ ಅಳತೆ 256, ಅದರ ಹೆಚ್ಚುವರಿ ಭಾಗದ ಅಳತೆ 24937, ಇದು ತಪ್ಪು ಎನ್ನುತ್ತದೆ ಅದು. ಇನೋಡ್ ಎಂದರೆ ಪ್ರತಿ ಫೈಲಿಗೂ ಇರುವ ಒಂದು ಪುಟ್ಟ ದಾಖಲೆ. ಫೈಲಿನ ಒಡೆಯ ಯಾರು, ಗಾತ್ರವೆಷ್ಟು, ಡಿಸ್ಕಿನಲ್ಲಿ ಎಲ್ಲಿದೆ ಎಂಬುದೆಲ್ಲ ಅದರಲ್ಲಿ. 256 ಬೈಟಿನ ಈ ದಾಖಲೆಯಲ್ಲಿ ಮೊದಲ 128 ಹಳೆಯ ಕಾಲದಿಂದ ಬಂದದ್ದು, ಮಿಕ್ಕದ್ದು ಹೆಚ್ಚುವರಿ. ಹಾಗಾಗಿ ಆ ಸಂಖ್ಯೆ 128ನ್ನು ದಾಟುವಂತೆಯೇ ಇಲ್ಲ. 24937 ಎಲ್ಲಿಂದ ಬಂತು? ಎರಡು ಬೈಟುಗಳಾಗಿ ಬಿಡಿಸಿದರೆ 97 ಮತ್ತು 105. ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ ಅವು ಇಂಗ್ಲಿಷಿನ ಸಣ್ಣ ಎ ಮತ್ತು ಸಣ್ಣ ಐ. ಲೆಕ್ಕದ ಜಾಗದಲ್ಲಿ ಬರಹದ ತುಣುಕು ಕೂತಿರುವಂತಿದೆ! ದಾಖಲೆ ಕೆಟ್ಟಿರಲಿಲ್ಲ, ಅದು ಇರಬೇಕಾದ ಮೆಮೊರಿಯ ಪುಟದಲ್ಲಿ ಬೇರೆಯದೇ ಏನೋ ಇತ್ತು ಎಂದು ನಾನು ಓದಿಕೊಳ್ಳುತ್ತೇನೆ.

ಇಂಥ ದೋಷ ಹುಡುಕಲು ನಮ್ಮಲ್ಲಿ ಬೈಸೆಕ್ಟ್ ಎಂಬ ವಿಧಾನವಿದೆ. ಹಿಂದಿನ ಆವೃತ್ತಿ ಸರಿ, ಈಗಿನದು ಕೆಟ್ಟದ್ದು. ನಡುವೆ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳಾಗಿವೆ. ಸರಿಯಾಗಿ ಅರ್ಧಕ್ಕೆ ನಿಂತು ಪರೀಕ್ಷಿಸಿ, ದೋಷ ಯಾವ ಅರ್ಧದಲ್ಲಿದೆ ಎಂದು ತಿಳಿದು, ಅದನ್ನು ಮತ್ತೆ ಅರ್ಧ ಮಾಡುತ್ತ ಹೋದರೆ 14 ಹೆಜ್ಜೆಯೊಳಗೆ ಒಂದೇ ಬದಲಾವಣೆಯ ಮುಂದೆ ನಿಲ್ಲಬಹುದು. ಆದರೆ ಈ ದೋಷ ಕಾಣಿಸಿಕೊಳ್ಳಲು ಗಂಟೆಗಳು ಬೇಕು, ಕೆಲವೊಮ್ಮೆ ದಿನಗಳು. ಒಂದು ದಿನ ಏನೂ ಆಗಲಿಲ್ಲ ಎಂದು 'ಸರಿ ಇದೆ' ಎಂದು ಬರೆದರೆ, ಅದೊಂದು ತಪ್ಪು ಉತ್ತರದಿಂದ ಮುಂದಿನ ಹುಡುಕಾಟವೆಲ್ಲ ಬೇರೆ ಅರ್ಧದಲ್ಲಿ. ಹಲವರಿಗೆ ಹಾಗೇ ಆಯಿತು. ಆದರೂ ತಮ್ಮ ಸ್ವಂತ ಡಿಸ್ಕುಗಳನ್ನೇ ಪಣಕ್ಕಿಟ್ಟು ಅವರು ಬಿಡದೆ ಪರೀಕ್ಷಿಸಿದರು. ಅವರಲ್ಲಿ ಬಹಳ ಮಂದಿಗೆ ಇದು ಸಂಬಳದ ಕೆಲಸವಲ್ಲ. ಅವರ ಬಗ್ಗೆ ನನಗಿರುವ ಗೌರವ ದೊಡ್ಡದು.

ಸ್ಕಸಿಯ ಬಹುಸರದಿ ವ್ಯವಸ್ಥೆಯನ್ನು ಆಫ್ ಮಾಡಿದರೆ ತೊಂದರೆ ನಿಲ್ಲುತ್ತದೆ ಎಂದು ಕಂಡುಕೊಂಡವರೂ ಇವರೇ. ಆ ವ್ಯವಸ್ಥೆ ತಾನಾಗಿಯೇ ಆನ್ ಆಗಿ ಬರುವಂತೆ ಮಾಡಿದ್ದು ಅದೇ 4.19ರಲ್ಲಿ. ಸರದಿಯ ಕೆಲಸ ಬ್ಲಾಕ್ ಲೇಯರಿನದ್ದಾದ್ದರಿಂದ ಈಗ ಕಣ್ಣು ನಡುವಿನ ಆ ಪದರದ ಮೇಲೆ ಹೋಯಿತು. ಒಬ್ಬರ ತಾಳ್ಮೆಯ ಬೈಸೆಕ್ಟ್ ಅಲ್ಲಿನ ಒಂದು ಬದಲಾವಣೆಗೆ ಬಂದು ಮುಟ್ಟಿತು. ಬ್ಲಾಕ್ ಲೇಯರ್ ನೋಡಿಕೊಳ್ಳುವ ಜೆನ್ಸ್ ಆಕ್ಸ್‌ಬೊ ಡಿಸೆಂಬರ್ ಮೊದಲ ವಾರದಲ್ಲಿ ಕಾರಣವನ್ನೂ ಬಿಡಿಸಿಟ್ಟರು.

ಆ ಬದಲಾವಣೆ ವೇಗಕ್ಕಾಗಿ ಮಾಡಿದ್ದು. ಸರದಿ ನಿರ್ವಹಿಸುವ ಶೆಡ್ಯೂಲರ್ ಇಲ್ಲದ ಕಡೆ, ಡಿಸ್ಕ್ ಬಿಡುವಾಗಿದ್ದರೆ ಕೋರಿಕೆಯನ್ನು ಸಾಲಿನಲ್ಲಿ ನಿಲ್ಲಿಸದೆ ನೇರವಾಗಿ ಕೆಳಗೆ ಕಳಿಸುವುದು. ಕೆಳಗಿನ ಪದರ 'ಈಗ ಆಗುವುದಿಲ್ಲ' ಎಂದರೆ ಕೋರಿಕೆ ಸಾಲಿಗೆ ವಾಪಸ್. ಎಡವಿದ್ದು ಇಲ್ಲಿ. ಮಂಡಿಯಿಂದ ಹೊರಡುವ ಲಾರಿಗೆ ಹತ್ತು ಮೂಟೆ ಎಂದು ಚೀಟಿ ಬರೆದಾಗಿದೆ ಅಂದುಕೊಳ್ಳಿ. ಗೇಟಿನಲ್ಲಿ ತಡೆದು ಲಾರಿಯನ್ನು ಹಿಂದಕ್ಕೆ ಕಳಿಸಿದರು. ಕಾಯುವಾಗ ಅದೇ ಊರಿನ ಇನ್ನೂ ಆರು ಮೂಟೆ ಹೇರಿದರು, ಚೀಟಿ ಮಾತ್ರ ತಿದ್ದಲಿಲ್ಲ. ಆ ಕಡೆಯವರು ಚೀಟಿ ನೋಡಿ ಹತ್ತೇ ಇಳಿಸಿಕೊಂಡರು. ಸ್ಕಸಿ ಪದರವೂ ಹಾಗೆ, ಮೆಮೊರಿಯ ಯಾವ ಯಾವ ಪುಟಗಳಿಗೆ ಮಾಹಿತಿ ತುಂಬಬೇಕೆಂಬ ಪಟ್ಟಿಯನ್ನು ಮೊದಲ ಸಲವೇ ತಯಾರಿಸಿಟ್ಟಿತ್ತು. ಆಮೇಲೆ ಬ್ಲಾಕ್ ಲೇಯರ್ ಪಕ್ಕದ ಕೋರಿಕೆಯನ್ನು ಅದಕ್ಕೆ ಕೂಡಿಸಿತು. ಡಿಸ್ಕ್ ಹಳೆಯ ಪಟ್ಟಿಯಂತೆ ಓದಿ 'ಎಲ್ಲ ಮುಗಿಯಿತು' ಎಂದಿತು. ಕೂಡಿಸಿದ ಪುಟಗಳಲ್ಲಿ ಮೊದಲೇ ಇದ್ದ ಕಸ ಹಾಗೇ ಉಳಿಯಿತು, ಇಎಕ್ಸ್‌ಟಿ4 ಅದನ್ನೇ ಇನೋಡ್ ಎಂದು ಓದಿತು. ಬರೆಯುವ ಕೋರಿಕೆಯಾಗಿದ್ದರೆ ಬರೆಯಬೇಕಾದದ್ದು ಡಿಸ್ಕ್ ಸೇರಲೇ ಇಲ್ಲ.

ಪರಿಹಾರ ಕೆಲವೇ ಸಾಲು. ಹಾಗೆ ವಾಪಸಾದ ಕೋರಿಕೆಗೆ ಇನ್ನಾವುದನ್ನೂ ಕೂಡಿಸಕೂಡದು, ಕೂಡಿಕೆಗೆ ಅವಕಾಶವಿಲ್ಲದ ಬೇರೆ ಸಾಲಿಗೆ ಅದು ಹೋಗಬೇಕು. ಡಿಸೆಂಬರ್ 8ರ 4.19.8ರಲ್ಲಿ ಅದು ಎಲ್ಲರಿಗೂ ಸಿಕ್ಕಿತು.

ಇಂಥ ಹೊತ್ತಿನಲ್ಲಿ ಸಾಕ್ಷ್ಯ ಉಳಿಸುವುದೇ ಕಷ್ಟ. ದೋಷದ ವಿವರ ಬರೆದಿಡಬೇಕಾದದ್ದು ಡಿಸ್ಕಿನ ಮೇಲೆ, ಬರೆಯಲು ಆಗದಿರುವುದೂ ಅದೇ ಡಿಸ್ಕಿನ ಮೇಲೆ. ಯಂತ್ರ ಆರಿಸಿದರೆ ಮೆಮೊರಿಯಲ್ಲಿದ್ದ ಸಂದೇಶವೂ ಹೋಯಿತು. ಅದಕ್ಕೇ ನಮ್ಮ ಪ್ರಯೋಗದ ಯಂತ್ರಗಳ ಸಂದೇಶಗಳನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರಕ್ಕೆ ಕಳಿಸುತ್ತಿರುತ್ತೇವೆ. ಮನೆಯಲ್ಲಿ ನಿಮ್ಮ ಲಿನಕ್ಸ್ ಯಂತ್ರ ಹೀಗೆ ಬರೆಯುವುದನ್ನು ನಿಲ್ಲಿಸಿದರೆ, ಮೊದಲು ಪರದೆಯ ಫೋಟೋ ತೆಗೆದುಕೊಳ್ಳಿ. ಗಾಬರಿಯಲ್ಲಿ ರಿಪೇರಿ ಆಜ್ಞೆ ಕೊಡಬೇಡಿ. ಓದುವಾಗಷ್ಟೇ ತಪ್ಪಾಗಿದ್ದರೆ ಡಿಸ್ಕಿನ ಮೇಲಿನ ಮಾಹಿತಿ ಸರಿಯಾಗಿಯೇ ಇರುತ್ತದೆ, ದೋಷವಿರುವ ಅದೇ ಕರ್ನಲ್‌ನಲ್ಲಿ ರಿಪೇರಿಗೆ ಇಳಿದರೆ ಸರಿ ಇದ್ದದ್ದೂ ಕೆಡಬಹುದು. ಹಳೆಯ ಕರ್ನಲ್‌ನಿಂದ ಯಂತ್ರ ಶುರು ಮಾಡಿ, ಇಡೀ ಡಿಸ್ಕಿನ ನಕಲು ತೆಗೆದು, ಆ ನಕಲಿನ ಮೇಲೆ ಪರೀಕ್ಷೆ ನಡೆಸಿ.