ವೇಗದ ಮಸೂರ

ಛಾಯಾಗ್ರಹಣದಲ್ಲಿ ದೊಡ್ಡ ದ್ಯುತಿರಂಧ್ರವುಳ್ಳ, ಅಂದರೆ ಹೆಚ್ಚು ಬೆಳಕನ್ನು ಒಳಬಿಡುವ ಮಸೂರವನ್ನು ವೇಗದ ಮಸೂರ ಎನ್ನುತ್ತಾರೆ. ಬೆಳಕು ಹೆಚ್ಚಾಗಿ ಬರುವುದರಿಂದ ಷಟರ್ ಸ್ವಲ್ಪ ಹೊತ್ತು ತೆರೆದರೆ ಸಾಕಾಗುತ್ತದೆ. ಹೆಸರು ಬಂದದ್ದು ಅದರಿಂದ. ಫಿಲ್ಮ್ ಕ್ಯಾಮೆರಾದಲ್ಲಿ ಇದರ ಮಹತ್ವ ಹೆಚ್ಚು. ಡಿಜಿಟಲ್ ಕ್ಯಾಮೆರಾದ ಸಂವೇದನಶೀಲತೆಯನ್ನು ಪ್ರತಿ ಚಿತ್ರಕ್ಕೂ ಬದಲಿಸಬಹುದು. ಫಿಲ್ಮ್ ಸುರುಳಿಗಾದರೋ ಸಾಮಾನ್ಯವಾಗಿ ಮೊದಲಿನಿಂದ ಕೊನೆಯವರೆಗೂ ಒಂದೇ ವೇಗ.

ಎಫ್-ಸಂಖ್ಯೆ

ಮಸೂರದ ನಾಭಿದೂರವನ್ನು ದ್ಯುತಿರಂಧ್ರದ ವ್ಯಾಸದಿಂದ ಭಾಗಿಸಿದಾಗ ಎಫ್-ಸಂಖ್ಯೆ ದೊರೆಯುತ್ತದೆ. ೫೦ ಮಿ.ಮೀ. ಮಸೂರದ ರಂಧ್ರ ೨೫ ಮಿ.ಮೀ. ಇದ್ದರೆ ಅದು ಎಫ್/೨. ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. ಹೊಸಬರು ತಡವರಿಸುವುದು ಇಲ್ಲಿಯೇ. ಎಫ್/೧.೪ ಎಂಬುದು ಎಫ್/೨ರ ಎರಡರಷ್ಟು ಬೆಳಕನ್ನು ಬಿಡುತ್ತದೆ. ದೀಪ ಹಚ್ಚಿದ ಮನೆಯ ಕೋಣೆಯಲ್ಲಿ ಐಎಸ್ಒ ೪೦೦ ಫಿಲ್ಮಿಗೆ ಎಫ್/೧.೪ರಲ್ಲಿ ೧/೬೦ ಸೆಕೆಂಡು ಸಾಕಾದರೆ, ಎಫ್/೫.೬ರಲ್ಲಿ ಕಾಲು ಸೆಕೆಂಡು ಬೇಕು. ಅಷ್ಟು ಹೊತ್ತು ಕ್ಯಾಮೆರಾವನ್ನು ಕೈಯಲ್ಲಿ ಅಲುಗದಂತೆ ಹಿಡಿಯುವುದು ಕಷ್ಟ. ಹಿಡಿದರೂ ಎದುರಿಗಿರುವ ಮಗು ಅಲುಗದೆ ಇರುವುದಿಲ್ಲ.

ಇತಿಹಾಸ

೧೯೨೪ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಎರ್ನೆಮನ್ ಸಂಸ್ಥೆಯು ಎರ್ಮನಾಕ್ಸ್ ಎಂಬ ಸಣ್ಣ ಕ್ಯಾಮೆರಾವನ್ನು ಹೊರತಂದಿತು. ಅದರ ಎಫ್/೨ ಎರ್ನೋಸ್ಟಾರ್ ಮಸೂರವನ್ನು ರೂಪಿಸಿದವನು ಲುಡ್ವಿಗ್ ಬೆರ್ಟೆಲೆ. ಒಳಾಂಗಣದ ಚಿತ್ರಗಳಿಗೆ ಮೆಗ್ನೀಸಿಯಮ್ ಪುಡಿಯನ್ನು ಉರಿಸುತ್ತಿದ್ದ ಕಾಲವದು. ಎರಿಕ್ ಸಾಲೊಮನ್ ಈ ಕ್ಯಾಮೆರಾದಿಂದ ನ್ಯಾಯಾಲಯಗಳಲ್ಲಿ, ರಾಜತಾಂತ್ರಿಕ ಸಭೆಗಳಲ್ಲಿ ಹೊಗೆಯಿಲ್ಲದೆ, ಮಿಂಚಿಲ್ಲದೆ, ಜನರು ಸಹಜವಾಗಿದ್ದಾಗಲೇ ಚಿತ್ರ ತೆಗೆದನು. ಚಲನಚಿತ್ರದಲ್ಲಿ ಪ್ರಸಿದ್ಧವಾದ ನಿದರ್ಶನವೆಂದರೆ ಸ್ಟ್ಯಾನ್ಲಿ ಕುಬ್ರಿಕ್‌ನ ‘ಬ್ಯಾರಿ ಲಿಂಡನ್’ (೧೯೭೫). ಮೇಣದಬತ್ತಿಯ ಬೆಳಕಿನ ದೃಶ್ಯಗಳಿಗಾಗಿ ಅದರಲ್ಲಿ, ಮೂಲತಃ ನಾಸಾಕ್ಕಾಗಿ ತಯಾರಾದ ಜೈಸ್ ಎಫ್/೦.೭ ಮಸೂರವನ್ನು ಬಳಸಲಾಯಿತು.

ವೇಗ ಮತ್ತು ಸ್ಪಷ್ಟತೆ

ವೇಗದ ಮಸೂರವೆಲ್ಲವೂ ಪೂರ್ಣ ತೆರೆದಾಗ ಸ್ಪಷ್ಟ ಚಿತ್ರವನ್ನು ಕೊಡುತ್ತದೆಂದು ತಿಳಿಯುವುದು ತಪ್ಪು. ಮಸೂರದ ಅಂಚಿನಿಂದ ಬರುವ ಕಿರಣಗಳು ನಡುವಿನಿಂದ ಬರುವ ಕಿರಣಗಳೊಡನೆ ಒಂದೇ ಬಿಂದುವಿನಲ್ಲಿ ಸೇರದೆ ಗೋಳೀಯ ವಿಪಥನ ಉಂಟಾಗಿ ಚಿತ್ರಕ್ಕೆ ಮಂಜು ಕವಿದಂತಾಗುತ್ತದೆ. ರಾತ್ರಿಯ ಬೀದಿದೀಪಗಳು ಚಿತ್ರದ ಮೂಲೆಗಳಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿಗಳಂತೆ ಕಾಣುವುದು ಕೋಮಾ ಎಂಬ ಇನ್ನೊಂದು ದೋಷದಿಂದ. ಇದನ್ನು ತಗ್ಗಿಸಲೆಂದೇ ನಿಕಾನ್ ೧೯೭೭ರಲ್ಲಿ ಅಗೋಳೀಯ ಮೇಲ್ಮೈಯುಳ್ಳ ೫೮ ಮಿ.ಮೀ. ಎಫ್/೧.೨ ನಾಕ್ಟ್-ನಿಕ್ಕೋರ್ ಮಸೂರವನ್ನು ತಯಾರಿಸಿತು. ಎರಡು ಮೂರು ಹಂತ ಕಿರಿದುಗೊಳಿಸಿದರೆ ಸಾಧಾರಣ ಮಸೂರವೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಹಾಗೆ ಕಿರಿದುಗೊಳಿಸುವುದಾದರೆ ವೇಗಕ್ಕಾಗಿ ಹಣ ತೆತ್ತದ್ದು ವ್ಯರ್ಥ. ಆದ್ದರಿಂದ ಮಸೂರವನ್ನು ಅಳೆಯಬೇಕಾದದ್ದು ಅದು ಪೂರ್ಣ ತೆರೆದಾಗಿನ ಗುಣದಿಂದ.

ಆಯ್ಕೆ

ಎಫ್/೧.೮ರಿಂದ ಎಫ್/೧.೪ಕ್ಕೆ ಹೋದರೆ ಸಿಗುವ ಲಾಭ ಒಂದು ಹಂತಕ್ಕಿಂತ ಕಡಿಮೆ. ಬೆಲೆ, ತೂಕಗಳ ಏರಿಕೆ ಮಾತ್ರ ಹಲವೊಮ್ಮೆ ಅದಕ್ಕಿಂತ ಬಹಳ ಹೆಚ್ಚು. ವಿದ್ಯಾರ್ಥಿಗೆ ೫೦ ಮಿ.ಮೀ. ಎಫ್/೧.೮ ಬಹುತೇಕ ಸಾಕು. ಕ್ಷೇತ್ರದ ಆಳವನ್ನೂ ಗಮನಿಸಬೇಕು: ೩೫ ಮಿ.ಮೀ. ಫಿಲ್ಮಿನಲ್ಲಿ ೫೦ ಮಿ.ಮೀ. ಮಸೂರದಿಂದ ಎರಡು ಮೀಟರ್ ದೂರದ ವ್ಯಕ್ತಿಯನ್ನು ಎಫ್/೧.೪ರಲ್ಲಿ ತೆಗೆದರೆ ಸ್ಪಷ್ಟವಾಗಿರುವ ಆಳ ಸುಮಾರು ೧೩ ಸೆಂ.ಮೀ. ಮಾತ್ರ. ಕಣ್ಣಿನ ಬದಲು ಕಿವಿ ಸ್ಪಷ್ಟವಾದ ಚಿತ್ರಗಳಿಗೆ ಮಸೂರವನ್ನು ದೂರುವಂತಿಲ್ಲ.

ಫಿಲ್ಮಿನ ಮಸೂರಗಳನ್ನು ಇಂದು ಹೆಚ್ಚಾಗಿ ಬಳಸಿದ ಸ್ಥಿತಿಯಲ್ಲಿಯೇ ಕೊಳ್ಳಬೇಕಾಗುತ್ತದೆ. ಕರಾವಳಿ, ಮಲೆನಾಡುಗಳ ಮಳೆಗಾಲದಂತಹ ತೇವದಲ್ಲಿ ಗಾಜಿನ ಮೇಲೆ ಶಿಲೀಂಧ್ರ ಬೆಳೆಯುತ್ತದೆ. ಕೊಳ್ಳುವ ಮೊದಲು ದ್ಯುತಿರಂಧ್ರವನ್ನು ಪೂರ್ಣ ತೆರೆದು, ಹಿಂಬದಿಯಿಂದ ಟಾರ್ಚ್ ಹಿಡಿದು ನೋಡಿದರೆ ಅದರ ಜೇಡರಬಲೆಯಂತಹ ಎಳೆಗಳು ಕಾಣಸಿಗುತ್ತವೆ.